ಶಾಲು ಬೇಡ, ಸಹಿ ಹಾಕಿ!

ಯಾವುದೋ ನಾಮಕರಣಕ್ಕೆ ಹೋಗಿರುತ್ತೀರಿ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಅತ್ತೆಯೊಬ್ಬರು ಕೋಸಂಬರಿ ಬಾಯಿಗಿಡುತ್ತಾ ಕೇಳುತ್ತಾರೆ: 'ಈಗೇನಮ್ಮಾ ಮಾಡ್ಕೊಂಡಿದ್ದೀಯ?' ನೀವು ಉತ್ಸಾಹದಿಂದ, 'ಸ್ಪೋರ್ಟ್ಸ್ ವಿಡಿಯೋ ಮಾಡ್ತೀನಿ ಅತ್ತೆ. ಕಬಡ್ಡಿ, ಕೊಕ್ಕೊ, ಕುಸ್ತಿ... ಯೂಟ್ಯೂಬಿಗೆ ಹಾಕ್ತೀನಿ' ಅನ್ನುತ್ತೀರಿ. 'ಓ, ಚೆನ್ನಾಗಿದೆ. ಅದರಿಂದ ದುಡ್ಡು ಬರುತ್ತಾ?' ಅಲ್ಲಿಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು ಅಂತಲೇ ಲೆಕ್ಕ.

ಬೇಜಾರು ಮಾಡಿಕೊಳ್ಳಬೇಡಿ. ಅತ್ತೆ ಕೇಳಿದ್ದು ತಪ್ಪೇನಲ್ಲ. ಆ ಪ್ರಶ್ನೆಯನ್ನು ನಾವೇ ಮೊದಲು ಕೇಳಿಕೊಳ್ಳಬೇಕಿತ್ತು. ಭಾನುವಾರ ಬೆಳಗ್ಗೆ ಮನೆಮಂದಿಯೆಲ್ಲ ಮಸಾಲೆ ದೋಸೆ ತಿನ್ನುವ ಹೊತ್ತಿಗೆ ಟ್ರೈಪಾಡ್ ಹೊತ್ತು ಹೊರಟು, ಬಿಸಿಲಲ್ಲಿ ನಿಂತು, ರಾತ್ರಿ ಎರಡರವರೆಗೆ ಎಡಿಟಿಂಗ್ ಮಾಡುವ ನಿಮ್ಮ ಕೆಲಸ ಬರೀ ಹವ್ಯಾಸವೋ, ಸಂಪಾದನೆಯೋ? ಸಂಪಾದನೆ ಆಗಬೇಕು ಅನ್ನುವುದಾದರೆ ಕೆಲವು ಲೆಕ್ಕಗಳನ್ನು ಈಗಲೇ ಮಾಡಿಬಿಡೋಣ.

ಯೂಟ್ಯೂಬ್ ಕೊಡೋದೆಷ್ಟು?

ಎಲ್ಲರ ತಲೆಯಲ್ಲೂ ಮೊದಲು ಬರುವುದು ಜಾಹೀರಾತಿನ ದುಡ್ಡು. ಅದು ಸುಮ್ಮನೆ ಬರೋದಿಲ್ಲ. ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್ಸ್ ಆಗಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಅಷ್ಟಾದ ಮೇಲೆ ಉದ್ದದ ವಿಡಿಯೋಗಳ ಜಾಹೀರಾತಿನಲ್ಲಿ ಶೇ 55 ನಿಮಗೆ, ಉಳಿದದ್ದು ಅವರಿಗೆ. ಶಾರ್ಟ್ಸ್‌ನಲ್ಲಾದರೆ ನಿಮ್ಮ ಪಾಲು ಶೇ 45.

2023ರಲ್ಲಿ ಇನ್ನೊಂದು ಚಿಕ್ಕ ಬಾಗಿಲು ತೆರೆದಿದೆ. 500 ಸಬ್‌ಸ್ಕ್ರೈಬರ್ಸ್, 90 ದಿನದಲ್ಲಿ 3 ವಿಡಿಯೋ, 3,000 ಗಂಟೆ ವೀಕ್ಷಣೆ ಇದ್ದರೆ ಜಾಹೀರಾತಿನ ದುಡ್ಡು ಬರದಿದ್ದರೂ ಅಭಿಮಾನಿಗಳು ನೇರವಾಗಿ ಕೊಡುವ ಹಣ ಪಡೆಯಬಹುದು. ತಿಂಗಳ ಮೆಂಬರ್‌ಶಿಪ್, ಲೈವ್ ನಡೆಯುವಾಗ ಕಳಿಸುವ ಸೂಪರ್ ಚಾಟ್, ಹೀಗೆ. ಇದರಲ್ಲಿ ಶೇ 70 ನಿಮ್ಮದು. ನಿಮ್ಮೂರಿನ ಪಂದ್ಯವನ್ನು ಲೈವ್ ಮಾಡುವವರಾದರೆ ಇದನ್ನು ಕಡೆಗಣಿಸಬೇಡಿ. ದುಬೈಯಲ್ಲೋ ಅಮೆರಿಕದಲ್ಲೋ ಕೂತ ಊರ ಹುಡುಗನಿಗೆ ತನ್ನ ತಂಡ ಗೆಲ್ಲುವುದನ್ನು ನೋಡುವ ಆಸೆ ಎಷ್ಟಿರುತ್ತದೆ ಅನ್ನುವುದು ಅವನ ತಾಯಿಗೇ ಗೊತ್ತು.

ಆದರೂ ಒಂದು ಮಾತು ಖಂಡಿತವಾಗಿ ಹೇಳಿಬಿಡುತ್ತೇನೆ. ಜಾಹೀರಾತಿನ ದುಡ್ಡು ಊಟದ ಎಲೆಯಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ಅದನ್ನೇ ಊಟ ಅಂದುಕೊಂಡರೆ ಕೆಟ್ಟಿರಿ. ನೋಡುವವರು ಯಾವ ದೇಶದಲ್ಲಿದ್ದಾರೆ, ಯಾವ ಭಾಷೆ, ಯಾವ ಸೀಸನ್ ಎಂಬುದರ ಮೇಲೆ ಜಾಹೀರಾತಿನ ದರ ಏರಿಳಿಯುತ್ತದೆ. ನಮ್ಮೂರಿನ ಸಾವಿರ ವೀಕ್ಷಕರಿಗೂ ಅಮೆರಿಕದ ಸಾವಿರ ವೀಕ್ಷಕರಿಗೂ ಒಂದೇ ಬೆಲೆ ಇಲ್ಲ. ತಾಲ್ಲೂಕು ಮಟ್ಟದ ವಾಲಿಬಾಲ್ ಪಂದ್ಯವನ್ನು ಎಷ್ಟು ಜನ ನೋಡಿಯಾರು ಹೇಳಿ!

ಅಂಚೆಯಣ್ಣನಿಗೆ ಹೇಳಿಡಿ

ದುಡ್ಡು ಬರುವುದು ಆಡ್‌ಸೆನ್ಸ್ ಖಾತೆಯ ಮೂಲಕ. ಗಳಿಕೆ 10 ಡಾಲರ್ ಮುಟ್ಟಿದಾಗ ನಿಮ್ಮ ವಿಳಾಸಕ್ಕೆ ಪಿನ್ ನಂಬರ್ ಇರುವ ಒಂದು ಕಾಗದ ಅಂಚೆಯಲ್ಲಿ ಬರುತ್ತದೆ. ಅದನ್ನು ನಮೂದಿಸಿದರೆ ಮಾತ್ರ ಮುಂದಿನ ದಾರಿ. 100 ಡಾಲರ್ ತುಂಬಿದ ಮೇಲೆ ಹಣ ಬ್ಯಾಂಕಿಗೆ. ಆ ಕಾಗದ ನೋಡಲು ಯಾವುದೋ ಕಂಪನಿಯ ಜಾಹೀರಾತಿನಂತೆ ಇರುವುದರಿಂದ ಮನೆಯ ಹಿರಿಯರು ಬಿಡಿಸಿ ನೋಡದೆ ರದ್ದಿಗೆ ಹಾಕುವ ಸಂಭವ ಉಂಟು. ಮನೆಯವರಿಗೂ ಅಂಚೆಯಣ್ಣನಿಗೂ ಮೊದಲೇ ಹೇಳಿಡಿ.

ಇನ್ನೊಂದು ಸೂಕ್ಷ್ಮ. ಮದುವೆಯಾದವರಿಗೆ ಹೆಸರಿನ ತಕರಾರು ಇದ್ದೇ ಇರುತ್ತದೆ. ಪ್ಯಾನ್ ಕಾರ್ಡಿನಲ್ಲಿ ತಂದೆಯ ಇನಿಷಿಯಲ್, ಬ್ಯಾಂಕಿನಲ್ಲಿ ಗಂಡನ ಹೆಸರು, ಆಧಾರ್‌ನಲ್ಲಿ ಮೂರನೆಯದು! ಖಾತೆ ತೆರೆಯುವ ಮೊದಲೇ ಎಲ್ಲ ಕಡೆ ಒಂದೇ ರೀತಿ ಮಾಡಿಸಿಕೊಳ್ಳಿ. 'ಯಾಕೆ ತಲೆನೋವು, ನನ್ನ ಅಕೌಂಟ್ ನಂಬರೇ ಕೊಟ್ಟುಬಿಡು' ಎಂದು ಅಣ್ಣನೋ ಯಜಮಾನರೋ ಹೇಳಿಯಾರು. ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೂ ಬೇಡ. ಚಾನೆಲ್ ನಿಮ್ಮ ಹೆಸರಲ್ಲಿ, ದುಡ್ಡು ನಿಮ್ಮ ಖಾತೆಗೆ. ನಾಳೆ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ತೋರಿಸಲು ನಿಮ್ಮದೇ ಆದ ಆದಾಯದ ದಾಖಲೆ ಬೇಕಲ್ಲ?

ಹಾಗೇ ಅಮೆರಿಕದ ತೆರಿಗೆಯ ಫಾರಂ ಒಂದನ್ನು ಆನ್‌ಲೈನ್‌ನಲ್ಲೇ ತುಂಬಬೇಕು. ತುಂಬದಿದ್ದರೆ ನಿಮ್ಮ ಒಟ್ಟು ಗಳಿಕೆಯಲ್ಲಿ ಶೇ 24ರವರೆಗೂ ಮುರಿದುಕೊಳ್ಳಬಹುದು. ತುಂಬಿ, ಭಾರತದೊಂದಿಗಿನ ತೆರಿಗೆ ಒಪ್ಪಂದದ ಲಾಭ ಕೇಳಿದರೆ ಅಮೆರಿಕದಲ್ಲಿ ನೋಡಿದವರಿಂದ ಬಂದ ಹಣಕ್ಕೆ ಮಾತ್ರ ಶೇ 15. ಹತ್ತು ನಿಮಿಷದ ಕೆಲಸ, ಸೋಮಾರಿತನ ಮಾಡಬೇಡಿ.

ಹಾಡು ಹಾಕಿದ್ರೆ ದುಡ್ಡು ಹಾಡಿನವರಿಗೆ

ರೇಡರ್ ಒಬ್ಬ ಮೂವರನ್ನು ಮುಟ್ಟಿ ವಾಪಸ್ ಹಾರಿ ಬರುತ್ತಾನೆ. ಹಿಂದೆ ಒಂದು ಭರ್ಜರಿ ಸಿನಿಮಾ ಹಾಡು ಹಾಕಿದರೆ ಮೈ ಜುಮ್ ಅನ್ನುತ್ತದೆ ನಿಜ. ಆದರೆ ಯೂಟ್ಯೂಬ್‌ನ ಯಂತ್ರ ಆ ಹಾಡನ್ನು ಗುರುತು ಹಿಡಿಯುತ್ತದೆ. ಆಮೇಲೆ ಆ ವಿಡಿಯೋದ ಜಾಹೀರಾತಿನ ಹಣ ಸಂಗೀತ ಕಂಪನಿಗೆ ಹೋಗಬಹುದು. ಮಣ್ಣು ತಿಂದವರು ನೀವು, ಮೃಷ್ಟಾನ್ನ ಅವರಿಗೆ! ಯೂಟ್ಯೂಬ್‌ನದೇ ಆಡಿಯೋ ಲೈಬ್ರರಿಯಲ್ಲಿ ಪುಕ್ಕಟೆ ಸಂಗೀತ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು ನಿಮ್ಮೂರಿನ ಡೊಳ್ಳಿನವರನ್ನೋ ತಮಟೆಯವರನ್ನೋ ಒಪ್ಪಿಸಿ, ಕೈಗೆ ಒಂದಿಷ್ಟು ಕೊಟ್ಟು ನೀವೇ ರೆಕಾರ್ಡ್ ಮಾಡಿಕೊಳ್ಳುವುದು.

ಟಿವಿಯಲ್ಲಿ ಬರುವ ಐಪಿಎಲ್ ಅಥವಾ ಪ್ರೊ ಕಬಡ್ಡಿಯ ತುಣುಕು ಕತ್ತರಿಸಿ ಹಾಕುವ ಗೋಜಿಗಂತೂ ಹೋಗಲೇಬೇಡಿ. ಪ್ರಸಾರ ಮಾಡಿದವರಿಗೆ ಅದರ ಮೇಲೆ 25 ವರ್ಷದ ಹಕ್ಕಿದೆ. ಕಾಪಿರೈಟ್ ಸ್ಟ್ರೈಕ್ 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಮುಚ್ಚಿಹೋಗಬಹುದು. ವರ್ಷಗಟ್ಟಲೆ ಕೂಡಿಸಿದ್ದು ಒಂದು ಬೆಳಗ್ಗೆ ಮಾಯ.

ಒಂದು ಹಣ್ಣಿನ ಬುಟ್ಟಿಯ ಕಥೆ

ಈಗ ನಮ್ಮ ಮನೆಯದೇ ಒಂದು ಸಂಗತಿ. ನನ್ನ ತಂಗಿಯ ಮಗಳು ಮಂಡ್ಯದ ಕಡೆ ಒಂದು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ಎರಡು ರಾತ್ರಿ ಚಿತ್ರೀಕರಿಸಿದಳು. ಹುಡುಗಿ ಒಬ್ಬಳೇ ಕ್ಯಾಮೆರಾ ಹಿಡಿದು ನಿಂತಿದ್ದಾಳಲ್ಲ ಎಂದು ಸಂಘಟಕರಿಗೆ ಭಾರಿ ಹೆಮ್ಮೆ. ಸಮಾರೋಪದಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಇಳಿಯುವಾಗ ಒಬ್ಬರು 'ಒಂದು ಕಾಪಿ ಪೆನ್‌ಡ್ರೈವ್‌ಗೆ ಹಾಕ್ಕೊಡಮ್ಮ, ನೆನಪಿಗಿರಲಿ' ಅಂದರು. ಇವಳು ಪೂರ್ತಿ ಫೂಟೇಜನ್ನೇ ಹಾಕಿಕೊಟ್ಟಳು. ಹದಿನೈದು ದಿನ ಕಳೆದ ಮೇಲೆ ಅದೇ ದೃಶ್ಯಗಳು ಬೇರೊಂದು ಚಾನೆಲ್‌ನಲ್ಲಿ, ಅವರ ಲೋಗೋ ಹೊತ್ತು, ಇವಳ ಚಾನೆಲ್‌ಗಿಂತ ಎಷ್ಟೋ ಪಟ್ಟು ಜನ ನೋಡುತ್ತಾ ಕುಣಿಯುತ್ತಿದ್ದವು. ಇವಳ ಹೆಸರು ಎಲ್ಲೂ ಇಲ್ಲ. ಫೋನ್ ಮಾಡಿದರೆ 'ನಾವು ಸನ್ಮಾನ ಮಾಡಲಿಲ್ವೇನಮ್ಮಾ?' ಅಂತ ಕೇಳಿದರಂತೆ.

'ದೊಡ್ಡಮ್ಮಾ, ಸೇಬು ತಿಂದಾಯ್ತು, ಇನ್ನೇನು ಮಾಡ್ಲಿ?' ಎಂದು ಅವಳು ಫೋನಿನಲ್ಲಿ ನಗಲು ನೋಡಿ ಅತ್ತಳು. ನನಗೂ ಆಗ ಏನೂ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡಿದ್ದನ್ನು ನಿಮಗೆ ಹೇಳುತ್ತಿದ್ದೇನೆ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೀವು ನಿಮ್ಮ ಖರ್ಚಿನಲ್ಲಿ, ನಿಮ್ಮ ಇಷ್ಟಕ್ಕೆ ತೆಗೆದ ಚಿತ್ರ ನಿಮ್ಮದು. ಪೆನ್‌ಡ್ರೈವ್ ಕೈ ಬದಲಾಯಿಸಿತು ಅಂದ ಮಾತ್ರಕ್ಕೆ ಹಕ್ಕು ಕೈ ಬದಲಾಯಿಸೋದಿಲ್ಲ. ಹಕ್ಕು ವರ್ಗಾವಣೆ ಆಗಬೇಕಾದರೆ ಬರವಣಿಗೆ ಬೇಕು, ಸಹಿ ಬೇಕು. ನನ್ನ ತಂಗಿಯ ಮಗಳು ಯೂಟ್ಯೂಬ್‌ಗೆ ಒಂದು ದೂರು ಬರೆದು ಆ ವಿಡಿಯೋ ತೆಗೆಸಬಹುದಿತ್ತು. ಅದಕ್ಕೆ ಕಾಸು ಖರ್ಚಿಲ್ಲ, ವಕೀಲರೂ ಬೇಕಿಲ್ಲ.

ಆದರೆ ಇದರಲ್ಲೊಂದು ತಿರುವಿದೆ, ದಯವಿಟ್ಟು ಎರಡು ಸಲ ಓದಿ. ಯಾರಾದರೂ ನಿಮಗೆ ದುಡ್ಡು ಕೊಟ್ಟು, 'ನಮಗೆ ಈ ಪಂದ್ಯ ಶೂಟ್ ಮಾಡಿಕೊಡಿ' ಎಂದು ಹೇಳಿ ಮಾಡಿಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದರ ಮೊದಲ ಒಡೆಯರು ಅವರೇ! ಅಂದರೆ ಪುಕ್ಕಟೆ ಮಾಡಿದರೆ ಹಕ್ಕು ನಿಮ್ಮದು, ಎರಡು ಸಾವಿರ ತೆಗೆದುಕೊಂಡರೆ ಹಕ್ಕು ಅವರದು. ವಿಚಿತ್ರ ಅನ್ನಿಸುತ್ತಲ್ವಾ? ಅದಕ್ಕೇ ಹೇಳಿದ್ದು, ಒಂದು ಹಾಳೆಯ ಒಪ್ಪಂದ ಮಾಡಿಕೊಳ್ಳಿ ಅಂತ.

ಭಾರಿ ಇಂಗ್ಲಿಷ್ ಏನೂ ಬೇಡ. ಹೀಗೆ ಬರೆದರೂ ನಡೆಯುತ್ತದೆ: 'ಈ ಪಂದ್ಯಾವಳಿಯ ಚಿತ್ರೀಕರಣಕ್ಕೆ ಇಷ್ಟು ರೂಪಾಯಿ. ಅರ್ಧ ಮುಂಗಡ. ಸಂಘಟಕರಿಗೆ 10 ನಿಮಿಷದ ಎಡಿಟ್ ಮಾಡಿದ ವಿಡಿಯೋ ಕೊಡಲಾಗುವುದು. ಅದನ್ನು ಅವರು ತಮ್ಮ ಪುಟದಲ್ಲಿ ಒಂದು ವರ್ಷ ಬಳಸಬಹುದು, ಚಿತ್ರೀಕರಿಸಿದವರ ಹೆಸರು ಹಾಕಬೇಕು. ಪೂರ್ತಿ ಫೂಟೇಜ್ ಮತ್ತು ಅದರ ಕೃತಿಸ್ವಾಮ್ಯ ಚಿತ್ರೀಕರಿಸಿದವರದು. ಪಂದ್ಯ ಚಿತ್ರೀಕರಿಸಿ ಆನ್‌ಲೈನ್‌ನಲ್ಲಿ ಹಾಕಲು ಸಂಘಟಕರ ಒಪ್ಪಿಗೆ ಇದೆ.' ಕೆಳಗೆ ಇಬ್ಬರ ಸಹಿ, ದಿನಾಂಕ. ಕೊನೆಯ ಸಾಲನ್ನು ಮರೆಯಬೇಡಿ, ಅಂಗಳ ಅವರದು ತಾನೇ? ಹಕ್ಕನ್ನೇ ಬರೆದುಕೊಡುವ ಸಂದರ್ಭ ಬಂದರೆ ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಎಂದು ನಮೂದಿಸಿ. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಪರಿಗಣಿಸುತ್ತದೆ.

ಆಟಗಾರರು 18 ವರ್ಷದೊಳಗಿನವರಾದರೆ, ಅದರಲ್ಲೂ ಹೆಣ್ಣುಮಕ್ಕಳಾದರೆ, ತಂದೆ ತಾಯಿಯ ಒಪ್ಪಿಗೆ ಪತ್ರ ಇಲ್ಲದೆ ಒಂದು ಕ್ಲಿಪ್ಪನ್ನೂ ಹಾಕಬೇಡಿ. ಇದು ದುಡ್ಡಿನ ಮಾತಲ್ಲ.

2020ರ ಫೆಬ್ರುವರಿ ನೆನಪಿದೆಯಾ? ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವನ್ನೆಲ್ಲ ಸುತ್ತಿತು. ಉಸೇನ್ ಬೋಲ್ಟ್‌ಗೆ ಹೋಲಿಸಿ ಎಷ್ಟು ಮೊಬೈಲ್‌ಗಳಲ್ಲಿ ಆ ದೃಶ್ಯ ಓಡಿತೋ! ಓಡಿದವರ ಹೆಸರು ನಮಗೆಲ್ಲ ಗೊತ್ತು. ಕೆಸರಿನ ಅಂಚಿನಲ್ಲಿ ನಿಂತು ಕ್ಯಾಮೆರಾ ಹಿಡಿದವರ ಹೆಸರು ನಿಮಗೆ ಗೊತ್ತಾ?

ಮದುವೆ ವಿಡಿಯೋದವರನ್ನು ನೋಡಿ ಕಲಿಯಿರಿ

ನಮ್ಮೂರಿನ ಮದುವೆ ವಿಡಿಯೋಗ್ರಾಫರ್ ಎಂದಾದರೂ 'ನನ್ನ ವಿಡಿಯೋ ಲಕ್ಷ ಜನ ನೋಡಲಿ' ಎಂದು ಕಾಯುತ್ತಾನಾ? ಇಲ್ಲ. ಅವನು ಮದುಮಕ್ಕಳಿಗೆ, ಅವರ ಅಪ್ಪ ಅಮ್ಮನಿಗೆ ಮಾರುತ್ತಾನೆ. ಇಪ್ಪತ್ತು ಜನ ನೋಡಿದರೂ ಅವನ ಸಂಪಾದನೆಗೆ ಕುಂದಿಲ್ಲ. ಆಟದ ವಿಡಿಯೋಗೂ ಇದೇ ಸೂತ್ರ ಹೊಂದುತ್ತದೆ. ಇದು ಯಾರಿಗೆ ಬೇಕೇ ಬೇಕು ಅಂತ ಯೋಚಿಸಿ.

ಕೊಡವ ಹಾಕಿ ಉತ್ಸವವನ್ನೇ ತಗೊಳ್ಳಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ತಂಡಗಳೊಂದಿಗೆ ಶುರು ಮಾಡಿದ್ದು. ಒಂದೊಂದು ವರ್ಷ ಒಂದೊಂದು ಕುಟುಂಬದ ಆತಿಥ್ಯ. ನಾಪೋಕ್ಲುವಿನಲ್ಲಿ 2024ರಲ್ಲಿ ನಡೆದಾಗ 360 ಕುಟುಂಬಗಳ ತಂಡಗಳಿದ್ದವು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದಾದ ಹಾಕಿ ಅದು! ಫೈನಲ್ ಪಂದ್ಯವನ್ನು ಎಲ್ಲರೂ ಶೂಟ್ ಮಾಡುತ್ತಾರೆ. ಮೊದಲ ಸುತ್ತಿನಲ್ಲೇ ಸೋತು ಹೋಗುವ ಕುಟುಂಬದ ಆಟವನ್ನು ಯಾರು ಮಾಡುತ್ತಾರೆ? ಆ ಅಜ್ಜ ಸ್ಟಿಕ್ ಬೀಸಿದ ಐದು ನಿಮಿಷದ ವಿಡಿಯೋಗೆ ಆ ಒಂದು ಮನೆತನದಲ್ಲಿ ಎಷ್ಟು ಬೆಲೆ ಇದ್ದೀತು, ಲೆಕ್ಕ ಹಾಕಿ. ಯೂಟ್ಯೂಬ್‌ನಲ್ಲಿ ಒಂದು ನಿಮಿಷದ ರುಚಿ ತೋರಿಸಿ, ಪೂರ್ತಿಯನ್ನು ಕುಟುಂಬಕ್ಕೆ ಮಾರಿ. ಹೀಗೆ ಮಾಡಿದಾಗ ಯೂಟ್ಯೂಬ್ ನಿಮಗೆ ಅಂಗಡಿಯಲ್ಲ, ಅಂಗಡಿಯ ಮುಂದಿನ ಗಾಜಿನ ಬೀರು.

ಆಟಗಾರರೂ ಗಿರಾಕಿಗಳೇ. ಸ್ಪೋರ್ಟ್ಸ್ ಕೋಟಾದಲ್ಲಿ ಕಾಲೇಜು ಸೀಟಿಗೆ, ಕ್ಲಬ್‌ನ ಟ್ರಯಲ್ಸ್‌ಗೆ ಹೋಗುವ ಹುಡುಗ ಹುಡುಗಿಯರಿಗೆ ತಮ್ಮ ಆಟದ ಮೂರು ನಿಮಿಷದ ಹೈಲೈಟ್ಸ್ ಕೈಯಲ್ಲಿದ್ದರೆ ಅನುಕೂಲ. ಅಕಾಡೆಮಿಗಳಿಗೆ, ಶಾಲೆಗಳಿಗೆ, ಊರಿನ ಪಂದ್ಯಾವಳಿಯ ಪ್ರಾಯೋಜಕರಾದ ಬಟ್ಟೆ ಅಂಗಡಿ, ಟ್ರ್ಯಾಕ್ಟರ್ ಶೋರೂಮಿಗೆ ವಿಡಿಯೋ ಬೇಕು. ಉಳಿದ ಒಳ್ಳೊಳ್ಳೆ ದೃಶ್ಯಗಳನ್ನು ಪಾಂಡ್5, ಶಟರ್‌ಸ್ಟಾಕ್‌ನಂಥ ತಾಣಗಳಲ್ಲಿ ಮಾರಾಟಕ್ಕಿಡಬಹುದು. ಮುಖ ಕಾಣುವವರ ಸಹಿ ಇಲ್ಲದಿದ್ದರೆ ಅದನ್ನು ಸುದ್ದಿಯಂಥ ಬಳಕೆಗೆ ಮಾತ್ರ ಕೊಡಬಹುದು ಅಷ್ಟೇ.

ಹಂಪಿಯ ಬಂಡೆ ಮೇಲೆ ಹುಟ್ಟಿದ ದುಡ್ಡು

ಇದೆಲ್ಲ ಹೇಳೋಕೆ ಚೆನ್ನ, ಯಾರಾದರೂ ಮಾಡಿದ್ದಾರಾ ಅಂತೀರಾ? ಮಾಡಿದ್ದಾರೆ, ಅದೂ ನಮ್ಮ ಹಂಪಿಯಲ್ಲಿ. ಅಮೆರಿಕದ ಜಾಶ್ ಲೊವೆಲ್ ಎಂಬವರ 'ಬಿಗ್ ಅಪ್ ಪ್ರೊಡಕ್ಷನ್ಸ್' ಎಂಬ ಪುಟ್ಟ ಸಂಸ್ಥೆ 2003ರಲ್ಲಿ 'ಪಿಲ್ಗ್ರಿಮೇಜ್' ಎಂಬ ಚಿತ್ರ ಹೊರತಂದಿತು. ಕ್ರಿಸ್ ಶರ್ಮಾ ಎಂಬ ಹೆಸರಾಂತ ಆರೋಹಿ ಮತ್ತು ಗೆಳೆಯರು ಹಂಪಿಯ ಬಂಡೆಗಳನ್ನು ಹಗ್ಗವಿಲ್ಲದೆ ಹತ್ತುವ ಚಿತ್ರ ಅದು. ಬೆನ್ನಿಗೆ ಹಾಸಿಗೆಯಂಥ ಪ್ಯಾಡ್ ಕಟ್ಟಿಕೊಂಡು ತಿರುಗುವ ವಿದೇಶಿಯರನ್ನು ಹಂಪಿಗೆ ಹೋದಾಗ ನೀವೂ ನೋಡಿರಬಹುದು.

ಬಂಡೆ ಹತ್ತುವ ಆಟದ ಚಿತ್ರಕ್ಕೆ ನೋಡುಗರು ಕೋಟಿಗಟ್ಟಲೆ ಇರಲಿಲ್ಲ. ಇದ್ದವರು ಮಾತ್ರ ಹುಚ್ಚು ಪ್ರೀತಿಯವರು. ಆ ಕಾಲಕ್ಕೆ ಡಿವಿಡಿ ಮಾರಿದರು. 2006ರಲ್ಲಿ ಲೊವೆಲ್ ಅವರು ಪೀಟರ್ ಮಾರ್ಟಿಮರ್ ಎಂಬ ಇನ್ನೊಬ್ಬ ಚಿತ್ರಕಾರರ ಜೊತೆ ಸೇರಿ 'ರೀಲ್ ರಾಕ್' ಎಂಬ ಚಿತ್ರಯಾತ್ರೆ ಶುರು ಮಾಡಿದರು. ವರ್ಷಕ್ಕೊಮ್ಮೆ ಹೊಸ ಚಿತ್ರಗಳ ಗುಚ್ಛ, ಊರೂರಿನಲ್ಲಿ ಟಿಕೆಟ್ ಇಟ್ಟು ಪ್ರದರ್ಶನ, ಹೊರಾಂಗಣ ಉಡುಪು ಮತ್ತು ಸಲಕರಣೆ ಕಂಪನಿಗಳ ಪ್ರಾಯೋಜಕತ್ವ. ಡಿವಿಡಿ ಕಾಲ ಮುಗಿದ ಮೇಲೆ ಅವೇ ಹಳೆಯ ಚಿತ್ರಗಳು ಆನ್‌ಲೈನ್‌ಗೆ ಬಂದವು. ಹಕ್ಕು ಕೈಯಲ್ಲಿ ಇಟ್ಟುಕೊಂಡಿದ್ದರಿಂದ ತಾನೇ ಒಂದೇ ಚಿತ್ರವನ್ನು ಮೂರು ಬಗೆಯಲ್ಲಿ ಮಾರಲು ಆಗಿದ್ದು? ಅವತ್ತು ಯಾರಿಗಾದರೂ ಪೆನ್‌ಡ್ರೈವ್ ಕೊಟ್ಟು ಬಂದಿದ್ದರೆ ಕಥೆ ಬೇರೆ ಇರುತ್ತಿತ್ತು.

ಅವರಿಗಿದ್ದ ಕಂಪನಿಗಳ ಬೆಂಬಲ ನಮಗೆಲ್ಲಿ ಅಂತ ನೀವು ಕೇಳಬಹುದು. ಒಪ್ಪಿದೆ. ಆದರೆ ಊರಿನ ಸಮುದಾಯ ಭವನದಲ್ಲಿ ಪರದೆ ಕಟ್ಟಿ, ಗರಡಿಮನೆಯ ಮೇಲೆ ನೀವು ಮಾಡಿದ ಅರ್ಧ ಗಂಟೆಯ ಚಿತ್ರವನ್ನು 50 ರೂಪಾಯಿ ಟಿಕೆಟ್‌ಗೆ ತೋರಿಸಲು ಯಾರ ಬೆಂಬಲ ಬೇಕು? ಹಳೆಯ ಪೈಲ್ವಾನರ ಮನೆಯವರೇ ಅರ್ಧ ಭವನ ತುಂಬುತ್ತಾರೆ.

ಆ ಫೋನ್ ಬಂದಾಗ

ಚಾನೆಲ್ ಸ್ವಲ್ಪ ಬೆಳೆಯಿತು ಅನ್ನುವಾಗ ಒಂದು ಫೋನ್ ಬಂದೇ ಬರುತ್ತದೆ. 'ಮೇಡಂ, ನಿಮ್ಮ ವಿಡಿಯೋ ಸೂಪರ್. ನಮ್ಮ ಆ್ಯಪ್ ಬಗ್ಗೆ ಹತ್ತು ಸೆಕೆಂಡ್ ಹೇಳಿ ಸಾಕು.' ಹೇಳುವ ಮೊತ್ತ ಕೇಳಿದರೆ ತಲೆ ತಿರುಗುತ್ತದೆ. ಅದು ಬಹುಪಾಲು ಬೆಟ್ಟಿಂಗ್ ಆ್ಯಪ್. ಆಟದ ಚಾನೆಲ್‌ಗಳನ್ನೇ ಅವರು ಹುಡುಕಿಕೊಂಡು ಬರುತ್ತಾರೆ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಲ್ಲಿ, ಜಾಹೀರಾತು ಮಾಡಿದವರಿಗೂ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಎಂದಿದೆ. ಕಾಯ್ದೆಯ ಮಾತು ಬಿಡಿ. ನಿಮ್ಮ ವಿಡಿಯೋ ನೋಡುವವರು ನಿಮ್ಮೂರಿನ ಹುಡುಗರೇ. ಅಪ್ಪನ ಕಬ್ಬಿನ ದುಡ್ಡು ಆ್ಯಪ್‌ನಲ್ಲಿ ಕಳೆದುಕೊಂಡವನ ತಾಯಿ ನಾಳೆ ಸಂತೆಯಲ್ಲಿ ಎದುರು ಸಿಕ್ಕಾಳು. ಫೋನ್ ಇಟ್ಟುಬಿಡಿ.

ಶೂ, ಜೆರ್ಸಿ, ಎನರ್ಜಿ ಡ್ರಿಂಕ್‌ನವರು ಬಂದರೆ ಮಾತಾಡಿ. ದುಡ್ಡು ತಗೊಂಡು ಹೇಳುತ್ತಿದ್ದೀರಿ ಅಂದಮೇಲೆ ಅದು ಜಾಹೀರಾತು ಎಂದು ವಿಡಿಯೋದಲ್ಲೇ ಕಾಣುವಂತೆ ಹಾಕಬೇಕು. ಜಾಹೀರಾತು ಮಂಡಳಿಯ ಈ ನಿಯಮ 2021ರ ಜೂನ್‌ನಿಂದ ಇದೆ.

ಸರ ಅಡವಿಡಬೇಡಿ

ಕೊನೆಗೆ ಕ್ಯಾಮೆರಾ ವಿಷಯ. 'ಒಳ್ಳೆ ಕ್ಯಾಮೆರಾ ಇದ್ದಿದ್ದರೆ...' ಎಂದು ಕೊರಗುತ್ತಾ ಸರ ಅಡವಿಟ್ಟು ಲಕ್ಷ ಲಕ್ಷ ಸುರಿದವರನ್ನು ಕಂಡಿದ್ದೇನೆ. ಬೇಡ. ಮೊದಲ ವರ್ಷ ಮೊಬೈಲ್, ಒಂದು ಗಟ್ಟಿ ಟ್ರೈಪಾಡ್, ಒಂದು ಮೈಕ್ ಸಾಕು. ದೊಡ್ಡ ಲೆನ್ಸ್ ಬೇಕಾದ ದಿನ ಬಾಡಿಗೆಗೆ ತನ್ನಿ, ಆ ಬಾಡಿಗೆಯನ್ನು ಗಿರಾಕಿಯ ಬಿಲ್ಲಿಗೆ ಸೇರಿಸಿ. ಬಸ್ ಚಾರ್ಜು, ಇಂಟರ್ನೆಟ್ಟು, ಚಹಾದ ಖರ್ಚನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ದಿನಸಿ ಲೆಕ್ಕ ಬರೆಯುವ ನಮಗೆ ಇದೇನು ಕಷ್ಟವಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವ ಹೊತ್ತಿಗೆ ಜಿಎಸ್‌ಟಿ ಚಿಂತೆ ಮಾಡಬೇಕು. ಆ ಚಿಂತೆ ಬೇಗ ಬರಲಿ! ಆದಾಯ ತೆರಿಗೆ ರಿಟರ್ನ್ ಮಾತ್ರ ಮೊದಲ ವರ್ಷದಿಂದಲೇ ಹಾಕಿ.

ಅಂದಹಾಗೆ ನನ್ನ ತಂಗಿಯ ಮಗಳು ಕಳೆದ ತಿಂಗಳು ಮತ್ತೊಂದು ಪಂದ್ಯಾವಳಿಗೆ ಹೋಗಿದ್ದಳು. ಬ್ಯಾಗಿನಲ್ಲಿ ಎರಡು ಪ್ರತಿ ಒಪ್ಪಂದದ ಹಾಳೆ. ಸಂಘಟಕರು 'ಇದೇನಮ್ಮಾ ಕೋರ್ಟು ಕಚೇರಿ ತರ' ಅಂತ ಗೊಣಗಿದರಂತೆ. ಇವಳು ಲೈಟ್ ಸರಿಮಾಡುವ ನೆಪದಲ್ಲಿ ಸುಮ್ಮನೆ ಕಾದಿದ್ದಾಳೆ. ಮೊದಲ ಪಂದ್ಯಕ್ಕೆ ಟಾಸ್ ಹಾಕುವ ಮೊದಲು ಸಹಿ ಬಿತ್ತು, ಅರ್ಧ ಮುಂಗಡವೂ ಬಂತು. ಈ ಸಲ ಹಣ್ಣಿನ ಬುಟ್ಟಿ ಕೊಡಲಿಲ್ಲವಂತೆ.